ರಿಯಾಕ್ಟ್ ತೆಗೆದೆ, ಒತ್ತಕ್ಷರ ಉಳಿಸಿಕೊಂಡೆ: ಅಡಿಕೆ ಧಾರಣೆ ಪುಟದ ಅನುಭವ

ಶಿರಸಿಯಲ್ಲೇ ಕುಳಿತು ಫ್ರಂಟ್‌ಎಂಡ್ (ವೆಬ್ ಪುಟದ ಕಣ್ಣಿಗೆ ಕಾಣುವ ಭಾಗದ) ಕೆಲಸ ಮಾಡುವವನು ನಾನು. ಅಡಿಕೆ ವಹಿವಾಟು ನಡೆಸುವ ಒಂದು ಸಂಸ್ಥೆಗೆ ದಿನದ ಧಾರಣೆ ತೋರಿಸುವ ಪುಟ ಮಾಡಿಕೊಟ್ಟಿದ್ದೇನೆ. ನಮ್ಮ ಚಿಕ್ಕಪ್ಪನ ಮನೆಯ ದಣಪೆಯ ಬಳಿ ಸಿಗ್ನಲ್ ಒಂದೇ ಗೆರೆ ಇರುವಾಗಲೂ ಆ ಪುಟ ಈಗ ಎರಡು ಸೆಕೆಂಡಿನೊಳಗೆ ತೆರೆಯುತ್ತದೆ. ಅದರಲ್ಲಿದ್ದ ರಿಯಾಕ್ಟ್ ಎಂಬ ಫ್ರೇಮ್‌ವರ್ಕ್ (ಪುಟ ಕಟ್ಟಲು ಬಳಸುವ ಸಿದ್ಧ ಕೋಡ್) ತೆಗೆಯುತ್ತೇನೆ ಎಂದಾಗ ಬೆಂಗಳೂರಿನ ಗೆಳೆಯರು, "ಈ ಕಾಲದಲ್ಲಿ ಹಾಗೆ ಯಾರು ಮಾಡುತ್ತಾರೆ ಮಾರಾಯ, ಆರು ತಿಂಗಳಿಗೆ ನೀನೇ ವಾಪಸ್ ಬರುತ್ತೀಯ" ಎಂದಿದ್ದರು. ವರ್ಷ ಕಳೆಯಿತು, ವಾಪಸ್ ಹೋಗಿಲ್ಲ.

ಮೊದಲ ಆವೃತ್ತಿ, ರಿಯಾಕ್ಟ್ ಕೆಲಸಕ್ಕೆ ಬೇಕಾದದ್ದನ್ನು ಅಣಿಮಾಡಿ ಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್‌ನಲ್ಲಿತ್ತು. ನನಗೆ ಬರುತ್ತಿದ್ದದ್ದು ಅದೊಂದೇ. ಒಂದು ತರಬೇತಿ ಕೇಂದ್ರಕ್ಕೆ 65 ಸಾವಿರ ಕಟ್ಟಿ ಕಲಿತಿದ್ದೆ. ಅಲ್ಲಿ ಎರಡನೇ ವಾರಕ್ಕೇ ರಿಯಾಕ್ಟ್ ಶುರುವಾಗಿತ್ತು, ಎಚ್‌ಟಿಎಂಎಲ್ ಟೇಬಲ್ ಸರಿಯಾಗಿ ಬರೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ಇಪ್ಪತ್ತು ಸಾಲಿನ ಧಾರಣೆ ಪಟ್ಟಿಗೆ ಒಂದು ಯುಐ ಲೈಬ್ರರಿ, ಒಂದು ಚಾರ್ಟ್ ಲೈಬ್ರರಿ, ದಿನಾಂಕ ಬರೆಯಲು ಮೊಮೆಂಟ್ ಎಂಬ ಇನ್ನೊಂದು; ಎಲ್ಲ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್. ಕುಗ್ಗಿಸಿದ ಮೇಲೂ ಫೋನಿಗೆ ಹೋಗುವ ಜಾವಾಸ್ಕ್ರಿಪ್ಟ್ ಕೋಡ್ 400 ಕೆಬಿ ದಾಟಿತ್ತು. ಸಂಸ್ಥೆಯ ಕಚೇರಿಯ ವೈಫೈಯಲ್ಲಿ ಚೆನ್ನಾಗಿಯೇ ಓಡಿತು. ಹಬ್ಬಕ್ಕೆ ಚಿಕ್ಕಪ್ಪನ ಮನೆಗೆ ಹೋದಾಗ ಹೆಮ್ಮೆಯಿಂದ ತೋರಿಸಲು ಹೊರಟರೆ ಬಿಳಿ ಪರದೆ. ಅವರು ಹತ್ತು ಸೆಕೆಂಡು ನೋಡಿ ಮೊಬೈಲನ್ನು ಕಿಸೆಗೆ ಹಾಕಿಕೊಂಡು, "ತಮ್ಮಾ, ಧಾರಣೆ ವಾಟ್ಸಾಪಿನಲ್ಲೇ ಬರುತ್ತದಲ್ಲ, ಇದಕ್ಕೆ ದುಡ್ಡು ಕೊಟ್ಟವರು ಯಾರು?" ಎಂದರು. ಆ ಮಾತು ಚುಚ್ಚಿತು.

ಶಿರಸಿಗೆ ಮರಳಿದವನೇ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬಿಟ್ಟು, ಅದೇ ಕೆಲಸವನ್ನು ಬೇಗ ಮಾಡುವ ವೀಟ್ ಎಂಬ ಸಾಧನಕ್ಕೆ ಬದಲಾಯಿಸಿದೆ. ನನ್ನ ಹಳೆಯ 8 ಜಿಬಿ ಲ್ಯಾಪ್‌ಟಾಪಿನಲ್ಲಿ ನಲವತ್ತು ಸೆಕೆಂಡು ಹಿಡಿಯುತ್ತಿದ್ದ ಡೆವ್ ಸರ್ವರ್ (ಕೋಡ್ ಬರೆಯುವಾಗ ಪುಟ ತೋರಿಸುವ ವ್ಯವಸ್ಥೆ) ಎರಡು ಸೆಕೆಂಡಿಗೆ ಎದ್ದು ನಿಂತಿತು. ಆ ಖುಷಿಯಲ್ಲಿ ಎರಡು ವಾರ ಹೋಯಿತು. ಆಮೇಲೆ ನೋಡಿದರೆ ಲಾಭವೆಲ್ಲ ನನಗೇ. ಚಿಕ್ಕಪ್ಪನ ಮೊಬೈಲಿಗೆ ಹೋಗುತ್ತಿದ್ದದ್ದು ಅದೇ ರಿಯಾಕ್ಟ್, ಅದೇ ಚಾರ್ಟ್. ವೀಟ್ ಕೆಟ್ಟದ್ದೆಂದು ಹೇಳುತ್ತಿಲ್ಲ, 2025ರ ಫೆಬ್ರವರಿಯಲ್ಲಿ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಅನ್ನು ಅಧಿಕೃತವಾಗಿ ಕೈಬಿಟ್ಟ ಮೇಲೆ ಅದನ್ನು ಹಿಡಿದು ಕೂರಲು ಕಾರಣವೂ ಇಲ್ಲ. ಆದರೆ ನಮ್ಮ ಕೆಲಸ ವೇಗವಾಗುವುದು ಬೇರೆ, ಓದುವವನ ಕೈಯಲ್ಲಿ ಪುಟ ವೇಗವಾಗುವುದು ಬೇರೆ.

ಶಿರಸಿ ಪೇಟೆಯಲ್ಲಿ 3,200 ರೂಪಾಯಿ ಕೊಟ್ಟು 2 ಜಿಬಿ ರ‍್ಯಾಮ್‌ನ ಹಳೆಯ ಆ್ಯಂಡ್ರಾಯ್ಡ್ ಫೋನ್ ತಂದೆ. ಈ ಇಡೀ ಕೆಲಸದಲ್ಲಿ ಸಾರ್ಥಕವಾದ ಖರ್ಚು ಅದೊಂದೇ. ಕೇಬಲ್ ಹಾಕಿ ಕ್ರೋಮ್‌ನ ರಿಮೋಟ್ ಡಿಬಗ್ಗಿಂಗ್ (ಫೋನಿನ ಪುಟವನ್ನು ಲ್ಯಾಪ್‌ಟಾಪಿನಿಂದ ಪರೀಕ್ಷಿಸುವ ಸೌಲಭ್ಯ) ತೆರೆದು ಪರ್ಫಾರ್ಮೆನ್ಸ್ ದಾಖಲಿಸಿದೆ. ನಾನು ಅಲ್ಲಿಯವರೆಗೆ ನೆಟ್‌ವರ್ಕನ್ನು ಬೈಯುತ್ತಿದ್ದೆ. ಫೈಲುಗಳು ಬಂದು ಮುಟ್ಟಿದ ಮೇಲೂ ಆ ಫೋನಿನ ಸಿಪಿಯು ಮೂರೂವರೆ ನಾಲ್ಕು ಸೆಕೆಂಡು ಬರೀ ಜಾವಾಸ್ಕ್ರಿಪ್ಟ್ ಓದಿ ಓಡಿಸುವುದರಲ್ಲೇ ಏದುಸಿರು ಬಿಡುತ್ತಿತ್ತು. ಪುಟದ ವೇಗಕ್ಕೆ ಅಂಕ ಕೊಡುವ ಗೂಗಲ್‌ನ ಲೈಟ್‌ಹೌಸ್ ಲ್ಯಾಪ್‌ಟಾಪಿನಲ್ಲಿ ಸಿಪಿಯುವನ್ನು ನಾಲ್ಕು ಪಟ್ಟು ನಿಧಾನ ಮಾಡಿ ಅಂದಾಜು ಕೊಡುತ್ತದೆ. ಅಂಥ ಫೋನಿಗೆ ಆ ಅಂದಾಜು ಸಾಲದು.

ದಿನಕ್ಕೆ ಒಂದೆರಡು ಸಲ ಬದಲಾಗುವ ಪುಟ. ಪುಟಗಳನ್ನು ಮೊದಲೇ ಕಟ್ಟಿಡುವ ಇಲೆವೆಂಟಿ ಎಂಬ ಸಾಧನ ಹಿಡಿದು, ಧಾರಣೆ ಬದಲಾದಾಗ ಎಚ್‌ಟಿಎಂಎಲ್ ತಯಾರಾಗಿಯೇ ಹೋಗುವಂತೆ ಮಾಡಿದೆ. ಚಾರ್ಟ್ ಲೈಬ್ರರಿ ಕಿತ್ತು, ಬಿಲ್ಡ್ (ಪುಟ ಕಟ್ಟುವ) ಸಮಯದಲ್ಲೇ ಎಸ್‌ವಿಜಿ ಚಿತ್ರವಾಗಿ ಗೆರೆ ಬರೆಸಿದೆ. ನಲವತ್ತು ಸಾಲಿನ ಕೋಡ್. ಸಂಸ್ಥೆಯವರು ತುಂಬುವ ಎಕ್ಸೆಲ್‌ನಿಂದ ಧಾರಣೆ ತಾನೇ ಎಳೆದುಕೊಳ್ಳುವ ಸ್ಕ್ರಿಪ್ಟ್ ಒಂದಿದೆ. ಅದು ನನ್ನ ಹೊಟ್ಟೆಪಾಡು, ಇಲ್ಲಿ ಬಿಚ್ಚುವುದಿಲ್ಲ.

ಅತಿ ಹೆಚ್ಚು ದಿನ ತಿಂದದ್ದು ಫಾಂಟ್. ಮೊದಲಿಗೆ ಎಲ್ಲೆಡೆ ನೋಟೊ ಸಾನ್ಸ್ ಕನ್ನಡ, ಎರಡು ದಪ್ಪಗಳಲ್ಲಿ. "ಗೂಗಲ್ ಫಾಂಟ್ಸ್ ಕೊಂಡಿ ಹಾಕು, ಬೇರೆ ಸೈಟಿನಿಂದ ಎಲ್ಲರ ಫೋನಿನಲ್ಲೂ ಕ್ಯಾಶ್ ಆಗಿ ಉಳಿದಿರುತ್ತದೆ" ಎಂದು ಒಬ್ಬ ಗೆಳೆಯ ಹೇಳಿದ. 2020ರಲ್ಲಿ ಕ್ರೋಮ್ 86 ಬಂದಾಗಿನಿಂದ ಕ್ಯಾಶ್ ಒಂದೊಂದು ಸೈಟಿಗೂ ಬೇರೆ ಬೇರೆ, ಆ ಲಾಭ ಈಗಿಲ್ಲ. ಫಾಂಟನ್ನು ನಮ್ಮ ಸರ್ವರಿನಲ್ಲೇ ಇಟ್ಟು ಫಾಂಟಿನಿಂದ ಬೇಡದ ಅಕ್ಷರ ತೆಗೆಯುವ ಪೈಎಫ್‌ಟಿಸಬ್‌ಸೆಟ್‌ನಿಂದ ಕತ್ತರಿಸಲು ಹೊರಟೆ. ಗಾತ್ರ ಇಳಿಸುವ ಆಸೆಗೆ ಲೇಔಟ್ ಫೀಚರ್‌ಗಳನ್ನೆಲ್ಲ ಖಾಲಿ ಬಿಟ್ಟೆ. ಫೈಲು ಸಣ್ಣದಾಯಿತು, ಅಡಿಕೆಯ ಒಂದು ಬಗೆಯಾದ "ಬೆಟ್ಟೆ" ಹೋಗಿ "ಬೆಟ್‌ಟೆ" ಆಯಿತು. ಅಡಿಕೆ ಪೇಟೆಯ ಪುಟದಲ್ಲಿ ಬೆಟ್ಟೆಯೇ ಒಡೆದರೆ ಮುಖ ತೋರಿಸುವುದು ಹೇಗೆ? ಒತ್ತು ಕೂಡಿಸುವ ಕೆಲಸವೆಲ್ಲ ಆ ಫೀಚರ್‌ಗಳದ್ದು. ಕನ್ನಡದಲ್ಲಿ ಅವನ್ನು ಮುಟ್ಟಬಾರದು.

ಎರಡನೇ ಎಡವಟ್ಟು: ಯೂನಿಕೋಡ್‌ನ ಕನ್ನಡದ ವಲಯವಾದ 0C80ರಿಂದ 0CFF ಅಷ್ಟನ್ನೇ ಉಳಿಸಿದೆ. ರೂಪಾಯಿ ಚಿಹ್ನೆ ಇರುವುದು 20B9ರಲ್ಲಿ, ನಾವು ಬಳಸುವ 0–9 ಅಂಕಿಗಳು ಇನ್ನೆಲ್ಲೋ. ಹೆಸರು ಒಂದು ಅಕ್ಷರಶೈಲಿಯಲ್ಲಿ, ಧಾರಣೆ ಇನ್ನೊಂದರಲ್ಲಿ ಕಾಣಿಸಿತು. ಇದರ ಜೊತೆಗೆ ಶೀರ್ಷಿಕೆಗೆ ಸಾಲಿನ ಎತ್ತರ 1.2 ಇಟ್ಟು, ಉದ್ದ ಹೆಸರನ್ನು ಕತ್ತರಿಸಲು ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡುವ ಸೂಚನೆ) ಹಾಕಿದ್ದರಿಂದ ಒತ್ತಕ್ಷರಗಳ ಬುಡ ಕೊಯ್ದು ಹೋಗಿತ್ತು. ಇಂಗ್ಲಿಷಿಗೆ ಬರೆದ ಸಿಎಸ್‌ಎಸ್ (ಪುಟದ ಅಂದ ಹೇಳುವ ಕೋಡ್) ಕನ್ನಡಕ್ಕೆ ಸಾಲುವುದಿಲ್ಲ; ಈಗ 1.5ಕ್ಕಿಂತ ಕೆಳಗೆ ನಾನು ಇಳಿಯುವುದಿಲ್ಲ.

ಕೊನೆಗೆ ಪಟ್ಟಿಯ ಪಠ್ಯವನ್ನು ಫೋನಿನಲ್ಲೇ ಇರುವ ಕನ್ನಡ ಫಾಂಟಿಗೆ ಬಿಟ್ಟೆ. ಶೀರ್ಷಿಕೆ ಮತ್ತು ಅಡಿಕೆಯ ಬಗೆಗಳ ಹೆಸರಿಗೆ ಮಾತ್ರ ಬಾಲೂ ತಮ್ಮ 2 ಫಾಂಟ್, ಅದೂ ಬಳಸುವ ಅಕ್ಷರಗಳಷ್ಟೇ. ಹತ್ತು ಕೆಬಿ ಆಸುಪಾಸಿಗೆ ಇಳಿಯಿತು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಗೋಟು, ಕೋಕಾ ಎಲ್ಲ ಸೊಗಸಾಗಿ ಬಂದವು. ಒಂದು ದಿನ ಕಚೇರಿಯವರು ತಟ್ಟಿಬೆಟ್ಟೆ ಸೇರಿಸಿದರು. ಅದುವರೆಗೆ ಯಾವ ಹೆಸರಿನಲ್ಲೂ "ತ" ಇರಲಿಲ್ಲ! ಮೊದಲಕ್ಷರ ಸಪೂರ, ಉಳಿದದ್ದು ದಪ್ಪ. ಈಗ ಬಿಲ್ಡ್ ಆಗುವಾಗ ಫಾಂಟ್ ತಾನೇ ಅಕ್ಷರ ಹೆಕ್ಕಿಕೊಳ್ಳುತ್ತದೆ. ಅದಕ್ಕೆ ಮೂರು ರಾತ್ರಿ ನಿದ್ದೆಗೆಟ್ಟಿದ್ದೇನೆ, ಆದ್ದರಿಂದ ಅದನ್ನೂ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ನಡುವೆ ಕನ್ನಡ ಅಂಕಿಯ ಪ್ರಯೋಗವನ್ನೂ ಮಾಡಿದೆ. ಬ್ರೌಸರಿನ ಇಂಟ್ಲ್ ನಂಬರ್‌ಫಾರ್ಮ್ಯಾಟ್‌ಗೆ ಕನ್ನಡ ಅಂಕಿ ಕೇಳಿದರೆ ೪೭,೫೦೦ ಎಂದು ತಾನೇ ಬರೆದುಕೊಡುತ್ತದೆ, ಲೈಬ್ರರಿ ಬೇಕಿಲ್ಲ. ನೋಡಲು ಬಹಳ ಚೆಂದ. ಆದರೆ ವ್ಯಾಪಾರಸ್ಥರು ಓದಲು ತಡವರಿಸಿದರು, ವಾರಕ್ಕೆ ತೆಗೆದೆ. ನನಗೆ ಈಗಲೂ ಬೇಸರವಿದೆ.

ನಿಜವಾಗಿ ಕೈ ಸುಟ್ಟುಕೊಂಡದ್ದು ಸರ್ವಿಸ್ ವರ್ಕರ್‌ನಲ್ಲಿ, ಅಂದರೆ ಪುಟವನ್ನು ಫೋನಿನಲ್ಲೇ ಉಳಿಸಿಟ್ಟು ಕೊಡಬಲ್ಲ ಹಿನ್ನೆಲೆಯ ಕೋಡಿನಲ್ಲಿ. ಸಿಗ್ನಲ್ ಇಲ್ಲದಾಗಲೂ ಪುಟ ತೆರೆಯಲಿ ಎಂದು ಕ್ಯಾಶ್‌ನಲ್ಲಿ ಇದ್ದದ್ದನ್ನೇ ಮೊದಲು ಕೊಡುವ ಹಾಗೆ ಬರೆದೆ. ಎರಡನೇ ಸಲದಿಂದ ಪುಟ ತಕ್ಷಣ ತೆರೆಯಿತು. ನಾಲ್ಕನೇ ದಿನ ಬೆಳಗ್ಗೆ ಸಿದ್ದಾಪುರದ ಕಡೆಯ ಬೆಳೆಗಾರರೊಬ್ಬರು ಕರೆ ಮಾಡಿದರು. ಪುಟದಲ್ಲಿ ಕಂಡ ರಾಶಿಯ ಧಾರಣೆ ನಂಬಿ ಜೀಪು ಮಾಡಿಕೊಂಡು ಮಾಲು ತಂದಿದ್ದರು. ಕಂಡದ್ದು ಮೊನ್ನೆಯ ಧಾರಣೆ; ಅವತ್ತಿನದ್ದು ಕ್ವಿಂಟಲಿಗೆ ಎಂಟುನೂರರಷ್ಟು ಕಡಿಮೆ. ಅವರು ಬೈಯಲಿಲ್ಲ, "ಹೀಗಾದರೆ ಹೇಗೆ" ಎಂದಷ್ಟೇ ಕೇಳಿದರು. ಮಧ್ಯಾಹ್ನದೊಳಗೆ ಅದನ್ನು ತಿರುಗಿಸಿದೆ: ಮೊದಲು ನೆಟ್‌ವರ್ಕ್, ಮೂರು ಸೆಕೆಂಡಿನಲ್ಲಿ ಸಿಗದಿದ್ದರೆ ಮಾತ್ರ ಉಳಿಸಿಟ್ಟದ್ದು. ಹಳೆಯದಾದರೆ ಮೇಲೆ ಕೆಂಪು ಪಟ್ಟಿಯಲ್ಲಿ ದಿನಾಂಕ, ಧಾರಣೆಗಿಂತ ದೊಡ್ಡ ಅಕ್ಷರದಲ್ಲಿ. ಹೀಗೆ ಮಾಡಿದ್ದಕ್ಕೆ ವೇಗ ತುಸು ಕಡಿಮೆಯಾಯಿತು, ಆಗಲಿ.

ಕಲಿತದ್ದು ಎಲ್ಲಿಂದ ಎಂದು ಕೇಳುವವರಿಗೆ: ಎಂಡಿಎನ್, ಜಾವಾಸ್ಕ್ರಿಪ್ಟ್ ಡಾಟ್ ಇನ್ಫೊ ಎಂಬ ಜಾಲತಾಣಗಳು, ವೆಬ್ ಡಾಟ್ ಡೆವ್‌ನ ಸಿಎಸ್‌ಎಸ್ ಪಾಠಗಳು. ಒಂದು ರೂಪಾಯಿ ಖರ್ಚಿಲ್ಲ. ಬೆಳಗ್ಗೆ ಐದೂವರೆಗೆ ಎದ್ದು ಒಂದು ಪುಟ ಓದುವುದು, ಮುಚ್ಚಿಟ್ಟು ನೋಡದೆ ಬರೆಯುವುದು. ಬರದಿದ್ದರೆ ಮರುದಿನವೂ ಅದೇ ಪುಟ. ವಿಡಿಯೊ ನೋಡುವುದನ್ನು ಬಿಟ್ಟೇಬಿಟ್ಟೆ. ಹೀಗೆ ಎರಡೂವರೆ ತಿಂಗಳಲ್ಲಿ 65 ಸಾವಿರದ ಕೋರ್ಸಿಗಿಂತ ಹೆಚ್ಚು ಕೈಗೆ ಹತ್ತಿತು.

ಲೆಕ್ಕ, ನೆನಪಿದ್ದ ಹಾಗೆ: ಜಾವಾಸ್ಕ್ರಿಪ್ಟ್ 400 ಕೆಬಿಯಿಂದ ನಾಲ್ಕಕ್ಕೆ ಇಳಿದಿದೆ. ಎಲ್‌ಸಿಪಿ (ಪುಟದ ಮುಖ್ಯ ಭಾಗ ಕಾಣಿಸಲು ಹಿಡಿಯುವ ಸಮಯ) ಒಂಬತ್ತು ಸೆಕೆಂಡಿನಷ್ಟಿತ್ತು, ಈಗ ಒಂದೂವರೆ. ಗೂಗಲ್ ಚೆನ್ನಾಗಿದೆ ಎನ್ನುವ ಮಿತಿ ಎರಡೂವರೆ. ತಿಂಗಳಿಗೆ 1,100 ರೂಪಾಯಿ ನುಂಗುತ್ತಿದ್ದ ಸರ್ವರ್ ಬಿಟ್ಟೆ. ಬರೀ ಫೈಲುಗಳಾದ್ದರಿಂದ ಉಚಿತ ಹೋಸ್ಟಿಂಗ್ ಸಾಕು, ಡೊಮೇನಿಗೆ ವರ್ಷಕ್ಕೆ ಸಾವಿರದೊಳಗೆ. ಮೊದಲ ಸಲ 35 ಸಾವಿರಕ್ಕೆ ಒಪ್ಪಿಕೊಂಡಿದ್ದೆ, ಎರಡನೇ ಸಲದ ದುಡಿಮೆ ಪೂರ್ತಿ ನನ್ನ ತಲೆಯ ಮೇಲೆ. ಈಗ ಪಕ್ಕದ ತಾಲ್ಲೂಕಿನ ಸಂಸ್ಥೆಯೊಂದು ಕೇಳಿಕೊಂಡು ಬಂದಿದೆ, 60 ಸಾವಿರ ಹೇಳಿದ್ದೇನೆ, ಒಪ್ಪಿದ್ದಾರೆ. ಅವರ ಹತ್ತು ವರ್ಷದ ಹಳೆಯ ಪ್ರಕಟಣೆಗಳೆಲ್ಲ ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿವೆ. ಪರಿವರ್ತಕ ಹಾಕಿ ನೋಡಿದೆ, ಮುಕ್ಕಾಲು ಪಾಲು ಸರಿಯಾಗಿ ಬಂತು. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಕೈಯಲ್ಲೇ ತಿದ್ದುತ್ತಿದ್ದೇನೆ.