ಸಿಪಿಎಲ್ ಕೈಗೆ ಬಂತು, ಇನ್ನು ಎಟಿಆರ್ ಸೀಟಿಗೆ ಹೋಗುವುದು ಹೇಗೆ?

ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಮುಗಿಸಿ, ಬೆಂಗಳೂರಿಗೆ ಹೋಗಿ ಕ್ಲಾಸ್ 1 ಮೆಡಿಕಲ್ ಮಾಡಿಸಿ, ಜಕ್ಕೂರೋ ಕಲಬುರಗಿಯೋ ಬಾರಾಮತಿಯೋ ಎಲ್ಲೋ ಒಂದು ಕಡೆ 200 ಗಂಟೆ ಹಾರಿ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತಗೊಂಡು ಬರುವವರು ಈಗ ಮಂಗಳೂರು, ಉಡುಪಿ ಕಡೆಯಲ್ಲೂ ಇದ್ದಾರೆ. ಲೈಸೆನ್ಸ್ ತನಕ ದಾರಿ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆಮೇಲೆ ಏನು ಅಂತ ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಮಗ ಪೈಲಟ್ ಅಂತ ಮನೆಯವರು ಊರಿಗೆಲ್ಲ ಹೇಳಿ ಆಗಿರುತ್ತದೆ, ಮಗ ಮಾತ್ರ ಮನೆಯಲ್ಲಿ ಕೂತು ಏರ್‌ಲೈನ್ ವೆಬ್‌ಸೈಟ್ ನೋಡುತ್ತಿರುತ್ತಾನೆ. ಆ ಹಂತದಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಕೆಲಸ ಎಲ್ಲೆಲ್ಲಿ ಇದೆ ನೋಡೋಣ. ರೀಜನಲ್ ಏರ್‌ಲೈನ್ ಅಂದರೆ ನಮ್ಮ ದೇಶದಲ್ಲಿ ಹೆಚ್ಚಾಗಿ ಎಟಿಆರ್ 72. ಎರಡು ಪ್ರೊಪೆಲ್ಲರ್, ಸುಮಾರು 70ರಿಂದ 78 ಸೀಟು. ಸರ್ಕಾರಿ ಕಂಪನಿಯಾದ ಅಲಯನ್ಸ್ ಏರ್ ಮತ್ತು ಗೋವಾದ ಫ್ಲೈ91 ಇದನ್ನು ಹಾರಿಸುತ್ತವೆ. ಇಂಡಿಗೋದಲ್ಲೂ ಏರ್‌ಬಸ್ ಜೊತೆಗೆ ಎಟಿಆರ್ ಇದೆ. ಬೆಂಗಳೂರಿನ ಸ್ಟಾರ್ ಏರ್ ಬೆಳಗಾವಿ ಕಡೆಗೆ ಎಂಬ್ರೇಯರ್ ಜೆಟ್ ಹಾರಿಸುತ್ತದೆ. 2016ರಲ್ಲಿ ಉಡಾನ್ ಯೋಜನೆ ಬಂದ ಮೇಲೆ ಸಣ್ಣ ಊರುಗಳಿಗೂ ವಿಮಾನ ಹೋಗಲು ಶುರುವಾಯಿತು, ಅದಕ್ಕೇ ಈ ಸಣ್ಣ ವಿಮಾನಗಳಿಗೆ ಇಷ್ಟು ಬೆಲೆ.

ಏರ್‌ಬಸ್ ಸಿಗಲಿಲ್ಲ ಅಂತ ಎಟಿಆರ್‌ಗೆ ಬರುವವರು ಇದ್ದಾರೆ. ಹಾಗೆ ಯೋಚಿಸಬೇಡಿ. ಎಟಿಆರ್‌ನಲ್ಲಿ ಆಟೋಥ್ರಾಟಲ್ ಇಲ್ಲ, ಪವರ್ ನೀವೇ ನೋಡಿಕೊಳ್ಳಬೇಕು. ಸೆಕ್ಟರ್‌ಗಳು ಸಣ್ಣವು, ಹಾಗಾಗಿ ಒಂದೇ ದಿನದಲ್ಲಿ ಎಷ್ಟೋ ಸಲ ಏರಿ ಇಳಿಯಬೇಕು. ಹೊಸ ಪೈಲಟ್‌ಗೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ ಅಂತ ನಾನು ಮನಸಾರೆ ನಂಬಿದ್ದೇನೆ. ಇಂಟರ್‌ವ್ಯೂನಲ್ಲಿ "ಎಟಿಆರ್ ಯಾಕೆ?" ಅಂತ ಕೇಳಿದರೆ ಇದನ್ನೇ ನಿಮ್ಮ ಮಾತಿನಲ್ಲಿ ಹೇಳಿ. ಸುಮ್ನೆ "ವಿಮಾನ ಯಾವುದಾದರೂ ನನಗೆ ಓಕೆ ಸರ್" ಅಂದರೆ ಎದುರಿಗೆ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ.

ಇನ್ನು ಕಾಗದಪತ್ರ. ಸಿಪಿಎಲ್ ಹತ್ತು ವರ್ಷಕ್ಕೆ ಸಿಗುತ್ತದೆ ಅಂತ ಆರಾಮಾಗಿ ಇರಬೇಡಿ. ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್, ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅನುಮತಿ) ಒಂದೇ ವರ್ಷ. ನಿಮ್ಮ ವಯಸ್ಸಿಗೆ ಕ್ಲಾಸ್ 1 ಮೆಡಿಕಲ್ ಕೂಡ ಒಂದು ವರ್ಷ. ಏರ್‌ಲೈನ್ ಅರ್ಜಿ ಕರೆಯುವಾಗ ಮಲ್ಟಿ ಎಂಜಿನ್ ಮತ್ತು ಐಆರ್ ಚಾಲ್ತಿಯಲ್ಲಿ ಇರಬೇಕು ಅಂತ ಕೇಳುತ್ತದೆ, ಕೊನೆ ದಿನಾಂಕ ಹತ್ತಿರ ಇರುತ್ತದೆ, ನೀವು ಆಗ ಎಲ್ಲಿ ಹಾರಾಟದ ಚೆಕ್ ಸಿಗುತ್ತದೆ ಅಂತ ಓಡಾಡಿದರೆ ಕೆಲಸ ಕೈ ತಪ್ಪಿತು ಅಂತಲೇ ಲೆಕ್ಕ. ಎಲ್ಲ ದಿನಾಂಕ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಲಾಗ್‌ಬುಕ್‌ನ ಗಂಟೆಗಳು ಡಿಜಿಸಿಎಯ (ವಿಮಾನಯಾನ ನಿಯಂತ್ರಣ ಇಲಾಖೆ) ಇಜಿಸಿಎ ಪೋರ್ಟಲ್‌ನಲ್ಲಿ ಇರುವುದಕ್ಕೆ ತಾಳೆ ಆಗಬೇಕು. ಪಿಐಸಿ (ನೀವೇ ಮುಖ್ಯ ಪೈಲಟ್ ಆಗಿ ಹಾರಿದ್ದು), ಕ್ರಾಸ್ ಕಂಟ್ರಿ, ರಾತ್ರಿ ಹಾರಾಟ, ಇನ್‌ಸ್ಟ್ರುಮೆಂಟ್ ಎಲ್ಲ ಬೇರೆ ಬೇರೆ ಕೂಡಿಸಿ ನೋಡಿ. ಇಂಟರ್‌ವ್ಯೂನಲ್ಲಿ ಲಾಗ್‌ಬುಕ್ ತಿರುವಿ ಯಾವುದೋ ಒಂದು ಪುಟದ ಮೇಲೆ ಬೆರಳಿಟ್ಟು ಕೇಳಬಹುದು. ಆ ದಿನದ ಹಾರಾಟ ನಿಮಗೆ ನೆನಪಿರಬೇಕು.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ತರಬೇತಿ, ಅನುಮತಿ) ಸೇರಿದರೆ ಒಟ್ಟು ಖರ್ಚು ಒಂದು ಕೋಟಿಯ ಹತ್ತಿರ ಹೋಗಬಹುದು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದಕ್ಕೆ ಅಡಿಕೆ ತೋಟವನ್ನೋ ಮನೆಯನ್ನೋ ಬ್ಯಾಂಕಿಗೆ ಅಡ ಇಡಬೇಕಾಗುತ್ತದೆ. ಹಾಗಾಗಿ ಏರ್‌ಲೈನಿನ ಆಫರ್ ಲೆಟರ್ ಕೈಗೆ ಬರುವ ಮೊದಲು ಟೈಪ್ ರೇಟಿಂಗ್‌ಗೆ ದುಡ್ಡು ಕಟ್ಟಬೇಡಿ. "ಈಗ ಮಾಡಿಸಿ, ಕೆಲಸ ನಾವು ಕೊಡಿಸುತ್ತೇವೆ" ಅನ್ನುವ ಏಜೆಂಟರು ಫೋನ್ ಮಾಡುತ್ತಾರೆ. ಬರೆದು ಕೊಡಿ ಅನ್ನಿ, ಫೋನ್ ಇಡುತ್ತಾರೆ. ಎಟಿಆರ್ ರೇಟಿಂಗ್ ತಗೊಂಡು ವಿಮಾನ ಹಾರಿಸದೆ ಕೂತರೆ ಅದೂ ಹಳತಾಗುತ್ತದೆ, ಮತ್ತೆ ಸಿಮ್ಯುಲೇಟರ್‌ಗೆ ದುಡ್ಡು ಹಾಕಬೇಕು. ಕಂಪನಿಯೇ ತರಬೇತಿ ಕೊಟ್ಟರೆ ಬಾಂಡ್ ಇರುತ್ತದೆ. ಎಷ್ಟು ವರ್ಷ, ಬಿಟ್ಟರೆ ಎಷ್ಟು ಕಟ್ಟಬೇಕು, ತರಬೇತಿ ಮಧ್ಯೆ ಫೇಲ್ ಆದರೆ ಯಾರ ತಲೆಗೆ, ಈ ಮೂರನ್ನು ಅಪ್ಪ ಅಮ್ಮನ ಜೊತೆ ಕೂತು ಓದಿ. ಆಮೇಲೆ ಸಹಿ ಹಾಕಿ.

ಬರಹದ ಪರೀಕ್ಷೆಯಲ್ಲಿ ಹೊಸತೇನೂ ಇರುವುದಿಲ್ಲ. ನ್ಯಾವಿಗೇಷನ್, ಮೆಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್, ಎಲ್ಲ ನೀವು ಒಮ್ಮೆ ಡಿಜಿಸಿಎಯಲ್ಲಿ 70 ಅಂಕ ದಾಟಿದ ವಿಷಯಗಳೇ. ತೊಂದರೆ ಏನೆಂದರೆ ಕ್ವೆಶ್ಚನ್ ಬ್ಯಾಂಕ್ ಬಾಯಿಪಾಠ ಮಾಡಿ ಪಾಸಾದವರಿಗೆ ಆರು ತಿಂಗಳಲ್ಲಿ ಎಲ್ಲ ಮರೆತು ಹೋಗುತ್ತದೆ. ಇದಕ್ಕೆ ನಮ್ಮ ಊರಿನವರಿಗೆ ಒಂದು ಒಳ್ಳೆಯ ದಾರಿ ಇದೆ. ಜೂನ್ ತಿಂಗಳಲ್ಲಿ ದಿನಾ ಬೆಳಿಗ್ಗೆ ಮಂಗಳೂರಿನ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ತೆಗೆದು ಓದಿ, ವಿಒಎಂಎಲ್ ಅಂತ ಹಾಕಿದರೆ ಸಿಗುತ್ತದೆ. ಗಾಳಿ ಎಲ್ಲಿಂದ, ಮೋಡದ ತಳ ಎಷ್ಟು, ವಿಸಿಬಿಲಿಟಿ ಎಷ್ಟು, ಇವತ್ತು ರನ್‌ವೇ 24ಕ್ಕೆ ಇಳಿಯಬಹುದಾ, ಕ್ರಾಸ್‌ವಿಂಡ್ ಎಷ್ಟು ಬರುತ್ತದೆ, ಇಳಿಯಲು ಆಗದಿದ್ದರೆ ಎಲ್ಲಿಗೆ ಡೈವರ್ಟ್, ಅದಕ್ಕೆ ಇಂಧನ ಎಷ್ಟು. ಕಿಟಕಿಯಾಚೆ ಮಳೆ ನೋಡಿಕೊಂಡೇ ಉತ್ತರ ಬರೆಯಿರಿ. ಒಂದು ಮಳೆಗಾಲ ಹೀಗೆ ಮಾಡಿದವರಿಗೆ ಮೆಟಿಯರಾಲಜಿಯಲ್ಲಿ ಯಾರೂ ತಡವರಿಸುವಂತೆ ಮಾಡಲಾರರು. ಇದರ ಜೊತೆಗೆ ಟರ್ಬೊಪ್ರಾಪ್ ಬಗ್ಗೆ ಓದಿ: ಟಾರ್ಕ್ ಅಂದರೇನು, ಫೆದರ್ (ಪ್ರೊಪೆಲ್ಲರ್ ಎಲೆಗಳ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸುವುದು, ಆಗ ಅದು ವಿಮಾನವನ್ನು ಎಳೆಯುವುದಿಲ್ಲ) ಯಾಕೆ ಮಾಡಬೇಕು, ರೆಕ್ಕೆ ಮೇಲೆ ಐಸ್ ಕಟ್ಟಿದರೆ ಏನಾಗುತ್ತದೆ. 2023ರ ಜನವರಿಯಲ್ಲಿ ನೇಪಾಳದ ಪೋಖರಾದಲ್ಲಿ ಎಟಿಆರ್ ಬಿದ್ದು 72 ಜನ ಸತ್ತರು. ಫ್ಲ್ಯಾಪ್ ಲಿವರ್ ಬದಲು ಕಂಡಿಷನ್ ಲಿವರ್‌ಗಳನ್ನು ಎಳೆದಿದ್ದರಿಂದ ಎರಡೂ ಪ್ರೊಪೆಲ್ಲರ್ ಫೆದರ್ ಆಗಿದ್ದವು. ಆ ತನಿಖಾ ವರದಿಯನ್ನು ಪೂರ್ತಿ ಓದಿ. ಎಟಿಆರ್ ಕಾಕ್‌ಪಿಟ್ ಬಗ್ಗೆ ಅಷ್ಟು ಕಲಿಸುವ ಓದು ಬೇರೆ ಸಿಗುವುದು ಕಷ್ಟ.

ಕೆಲವು ಕಡೆ ಕಂಪ್ಯೂಟರ್ ಮೇಲೆ ಆಪ್ಟಿಟ್ಯೂಡ್ ಪರೀಕ್ಷೆ, ಸೈಕೋಮೆಟ್ರಿಕ್ ಪ್ರಶ್ನೆ, ಗ್ರೂಪ್ ಡಿಸ್ಕಷನ್ ಇರುತ್ತದೆ. ಸೈಕೋಮೆಟ್ರಿಕ್‌ನಲ್ಲಿ ಒಳ್ಳೆಯವರಂತೆ ತೋರಿಸಿಕೊಳ್ಳಲು ಹೋಗಬೇಡಿ, ಒಂದೇ ಪ್ರಶ್ನೆ ಬೇರೆ ರೂಪದಲ್ಲಿ ಮತ್ತೆ ಬರುತ್ತದೆ. ಸಿಮ್ಯುಲೇಟರ್ ಚೆಕ್ ಇದ್ದರೆ ರಾ ಡೇಟಾ ಐಎಲ್‌ಎಸ್ (ರೇಡಿಯೋ ಸಿಗ್ನಲ್‌ನ ಸೂಚಿಗಳನ್ನೇ ನೋಡಿ ರನ್‌ವೇಗೆ ಬರುವುದು), ಹೋಲ್ಡಿಂಗ್ (ಕಾಯುತ್ತಾ ಸುತ್ತು ಹಾಕುವುದು), ಗೋ ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು), ಇಷ್ಟನ್ನು ಮನೆಯ ಕಂಪ್ಯೂಟರ್‌ನಲ್ಲಾದರೂ ಅಭ್ಯಾಸ ಮಾಡಿ. ಸ್ಕ್ಯಾನ್ (ಮೀಟರ್‌ಗಳ ಮೇಲೆ ಸರದಿಯಾಗಿ ಕಣ್ಣಾಡಿಸುವುದು) ತಪ್ಪಬಾರದು, ಅಷ್ಟೇ.

ಇಂಟರ್‌ವ್ಯೂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆಯ ಮಕ್ಕಳು ಹಿಂದೆ ಬೀಳುವುದು ಇಲ್ಲೇ.

ಹೊಸ ಫಸ್ಟ್ ಆಫೀಸರ್‌ಗೆ (ಕೋ ಪೈಲಟ್‌ಗೆ) ಕೇಳುವ ಪ್ರಶ್ನೆಗಳಲ್ಲಿ ಒಂದು ಇದು: ಅಪ್ರೋಚ್ (ಇಳಿಯಲು ರನ್‌ವೇ ಕಡೆಗೆ ಬರುವುದು) ಸ್ಟೇಬಲ್ ಇಲ್ಲ, ಎತ್ತರ 500 ಅಡಿ, ಕ್ಯಾಪ್ಟನ್ ಇಳಿಸುತ್ತಲೇ ಇದ್ದಾರೆ, ನೀವು ಏನು ಮಾಡುತ್ತೀರಿ? ದೊಡ್ಡವರ ಎದುರು ಮಾತಾಡಬೇಡ ಅಂತ ಕೇಳಿಕೊಂಡು ಬೆಳೆದವರು ನಾವು. ಮನೆಯಲ್ಲಿ ಅದು ಸರಿ ಇರಬಹುದು. ಕಾಕ್‌ಪಿಟ್‌ನಲ್ಲಿ ಆ ಮರ್ಯಾದೆ ಜೀವ ತೆಗೆಯುತ್ತದೆ ಮಾರಾಯ್ರೇ. 2010ರ ಮೇ 22ರ ಬೆಳಿಗ್ಗೆ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣದಲ್ಲಿ ಆದ ದುರಂತವನ್ನು ನಮ್ಮ ಊರಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, 158 ಜನ ಹೋದರು. ಆದರೆ ಅದರ ತನಿಖಾ ವರದಿಯನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ ಅಂತ ಕೂಗಿದ್ದರು. ಎಚ್ಚರಿಕೆಯ ಅಲಾರಂಗಳೂ ಬಡಿದುಕೊಳ್ಳುತ್ತಿದ್ದವು. ವಿಮಾನ ಇಳಿಯಿತು, ನಿಲ್ಲಲಿಲ್ಲ. ಕೋ ಪೈಲಟ್ ತಾನೇ ಗೋ ಅರೌಂಡ್ ಮಾಡಬಹುದು ಅನ್ನುವ ಬಗ್ಗೆ ಸೂಚನೆಗಳು ಸ್ಪಷ್ಟ ಇರಲಿಲ್ಲ, ಬಹುಶಃ ಅದಕ್ಕೇ ಅವರು ಕಂಟ್ರೋಲ್ ತೆಗೆದುಕೊಳ್ಳಲಿಲ್ಲ ಅಂತ ವರದಿ ಹೇಳುತ್ತದೆ. ನೀವು ಕೂರಲು ಹೊರಟಿರುವುದು ಅದೇ ಬಲಗಡೆ ಸೀಟಿನಲ್ಲಿ.

ಹಾಗಾಗಿ ಉತ್ತರ ಹೀಗಿರಲಿ: "ಸ್ಪೀಡ್ ಜಾಸ್ತಿ, ಸಿಂಕ್ ರೇಟ್ (ಕೆಳಗಿಳಿಯುವ ವೇಗ) ಜಾಸ್ತಿ ಅಂತ ಏನು ತಪ್ಪಿದೆಯೋ ಅದನ್ನು ಮೊದಲು ಹೇಳುತ್ತೇನೆ ಸರ್. ಸರಿ ಆಗದಿದ್ದರೆ ಗೋ ಅರೌಂಡ್ ಅನ್ನುತ್ತೇನೆ. ಆಗಲೂ ಕ್ಯಾಪ್ಟನ್ ಕಡೆಯಿಂದ ಏನೂ ಬಾರದಿದ್ದರೆ ಎಸ್‌ಒಪಿ (ಕಂಪನಿಯ ನಿಗದಿತ ಕ್ರಮ) ಪ್ರಕಾರ ಕಂಟ್ರೋಲ್ ತಗೊಂಡು ನಾನೇ ಗೋ ಅರೌಂಡ್ ಮಾಡುತ್ತೇನೆ." ಇದನ್ನು ಬಾಯಿಪಾಠ ಮಾಡಿ ಹೇಳಿದರೆ ಸಾಲದು. ಅವರು ತಿರುಗಿಸಿ ಕೇಳುತ್ತಾರೆ, ಕ್ಯಾಪ್ಟನ್‌ಗೆ 15,000 ಗಂಟೆ ಅನುಭವ, ನಿಮಗೆ 200, ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಆಗ ಕುಗ್ಗಬೇಡಿ, ಜಗಳಕ್ಕೂ ಇಳಿಯಬೇಡಿ. ನಂಬರ್ ಮಿತಿ ಮೀರಿದೆ ಅಂತ ಹೇಳಲು 15,000 ಗಂಟೆ ಬೇಡ, ಇದನ್ನು ಶಾಂತವಾಗಿ ಹೇಳಿ. ಗೆಳೆಯರ ಜೊತೆ ಕೂತು ಒಬ್ಬರು ಕ್ಯಾಪ್ಟನ್, ಒಬ್ಬರು ಫಸ್ಟ್ ಆಫೀಸರ್ ಆಗಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮೊದಲ ಸಲ ಗಂಟಲಿನಿಂದ ಮಾತೇ ಹೊರಡುವುದಿಲ್ಲ, ನೋಡಿ ಬೇಕಾದರೆ.

ಕನ್ನಡ ಮೀಡಿಯಂನವರು ಇಂಗ್ಲಿಷ್‌ಗೆ ಹೆದರಬೇಡಿ. ರೇಡಿಯೋ ಮಾತಿಗೆ ಐಸಿಎಒ (ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಹೇಳುವ ಲೆವೆಲ್ 4 ಸಾಕು. ಇಂಟರ್‌ವ್ಯೂನಲ್ಲೂ ಅವರು ನೋಡುವುದು ನೀವು ಹೇಳಿದ್ದು ಅರ್ಥ ಆಗುತ್ತದಾ ಅಂತ. ನಮ್ಮ ತುಳು, ಕನ್ನಡದ ಎಳೆ ಮಾತಿನಲ್ಲಿ ಬಂದರೆ ಬರಲಿ. ಬೇಗ ಬೇಗ ಮಾತಾಡುವ ಅಭ್ಯಾಸ ಇದ್ದರೆ ಅದನ್ನು ಮಾತ್ರ ಬಿಡಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್, ಓದಿಕೊಳ್ಳುತ್ತೇನೆ" ಅಂದರೆ ಮರ್ಯಾದೆ ಹೋಗುವುದಿಲ್ಲ. ಸುಳ್ಳು ಉತ್ತರ ಕಟ್ಟಿದರೆ ಹೋಗುತ್ತದೆ.

ಕರೆ ಬರುವ ತನಕ ಸುಮ್ನೆ ಕೂರಬೇಡಿ. ಕಾಯುವಾಗ ಫ್ಲೈಯಿಂಗ್ ಸ್ಕೂಲ್‌ನಲ್ಲಿ ಇನ್‌ಸ್ಟ್ರಕ್ಟರ್ ಆಗುವ ದಾರಿ ಇದೆ, ಗಂಟೆಗಳೂ ಸೇರುತ್ತವೆ. ಮುಂದೆ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸ್‌ಗೆ 1,500 ಗಂಟೆ ಬೇಕು. ಗ್ರೌಂಡ್ ಕ್ಲಾಸ್ ತೆಗೆದುಕೊಳ್ಳಲು ಆದರೆ ತಗೊಳ್ಳಿ, ಪಾಠ ಮಾಡಿದವರಿಗೆ ವಿಷಯ ಮರೆಯುವುದಿಲ್ಲ ಅಲ್ವಾ. ಊರಿನ ಹತ್ತಿರ ಬೇಸ್ ಬೇಕು ಅಂತ ಮಾತ್ರ ಮೊದಲೇ ಹಟ ಹಿಡಿಯಬೇಡಿ. ಎಲ್ಲಿ ಕೊಟ್ಟರೂ ಹೋಗಿ.

ಇನ್ನೊಂದು ಕೆಲಸ ಇವತ್ತೇ ಮಾಡಬಹುದು. ಸೆಲೆಕ್ಟ್ ಆದ ಮೇಲೆ ಏರ್‌ಪೋರ್ಟ್ ಪಾಸ್‌ಗೆ ಪೊಲೀಸ್ ವೆರಿಫಿಕೇಷನ್ ಆಗುತ್ತದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು, ಪಾಸ್‌ಪೋರ್ಟ್‌ನಲ್ಲಿ ಶೆಟ್ಟಿ ಅಂತಲೋ ಪೂಜಾರಿ ಅಂತಲೋ ಇದ್ದರೆ ತಿಂಗಳುಗಟ್ಟಲೆ ಅಲೆಯಬೇಕಾದೀತು, ಬ್ಯಾಚ್ ನಿಮ್ಮನ್ನು ಬಿಟ್ಟು ಶುರುವಾಗಬಹುದು. ಮೂರನ್ನೂ ಎದುರಿಗೆ ಇಟ್ಟು, ಹೆಸರಿನ ಅಕ್ಷರ, ಹುಟ್ಟಿದ ದಿನ, ಮನೆ ವಿಳಾಸ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ನಾಳೆಯೇ ತಿದ್ದಿಸಲು ಹೋಗಿ.