ಅಕ್ಷರಗಳಲ್ಲೇ ಆಡುವ ರೋಲ್‌ಪ್ಲೇ: ಎದುರಿನವರ ಪಾತ್ರಕ್ಕೆ ಕೈ ಹಾಕದೆ ಆಡುವುದು ಹೇಗೆ?

ಪಠ್ಯ ರೋಲ್‌ಪ್ಲೇ ಆಟಕ್ಕೆ ಉತ್ಸಾಹದಿಂದ ಬಂದು ಒಂದೇ ವಾರದಲ್ಲಿ ಬಿಟ್ಟು ಹೋಗುವವರನ್ನು ತುಂಬಾ ನೋಡಿದ್ದೇನೆ. ಇವರಲ್ಲಿ ಹೆಚ್ಚಿನವರಿಗೆ ಆಟ ಬರುತ್ತಿತ್ತು. ಒಳ್ಳೆಯ ಕಲ್ಪನೆಯೂ ಇತ್ತು. ಆದರೆ ಎರಡನೇ ಸಲ ಅವರ ಜೊತೆ ಸೀನ್ ಆಡಲು ಯಾರೂ ಮುಂದೆ ಬರಲಿಲ್ಲ. ಕಾರಣ ಬಹುಪಾಲು ಒಂದೇ: ತಮ್ಮ ಪಾತ್ರದ ಜೊತೆಗೆ ಎದುರಿನವರ ಪಾತ್ರವನ್ನೂ ತಾವೇ ಬರೆದುಬಿಡುತ್ತಿದ್ದರು. ಇದನ್ನು ಯಾರೂ ಕೂತು ಹೇಳಿಕೊಡುವುದಿಲ್ಲ. ಅದಕ್ಕೇ ಈ ಲೇಖನ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನೀವು ಒಂದು ಪಾತ್ರ ಮಾಡಿಕೊಳ್ಳುತ್ತೀರಿ. ಅದು ಏನು ಹೇಳಿತು, ಏನು ಮಾಡಿತು ಎಂದು ಟೈಪ್ ಮಾಡುತ್ತೀರಿ. ಬೇರೆ ಊರಿನ, ಬೇರೆ ದೇಶದ ಆಟಗಾರರು ತಮ್ಮ ಪಾತ್ರದ ಉತ್ತರ ಬರೆಯುತ್ತಾರೆ. ಕತೆ ಹಾಗೇ ಬೆಳೆಯುತ್ತದೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿ, ಆಮೇಲೆ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಈ ಆಟಗಳಿಗೆಲ್ಲ ಹಿರಿಯಣ್ಣ. 1989ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್‌ನಲ್ಲಿ ಜೇಮ್ಸ್ ಆ್ಯಸ್ಪ್ನೆಸ್ ಬರೆದ ಟೈನಿಮಡ್ ಬಂದ ಮೇಲೆ, ರಾಕ್ಷಸರನ್ನು ಕೊಂದು ಅಂಕ ಗಳಿಸುವುದಕ್ಕಿಂತ ಮಾತುಕತೆಗೆ ಜಾಗ ಜಾಸ್ತಿಯಾಯಿತು. ಮಷ್, ಮೂ ಎಂಬ ಆಟಗಳು ಅದೇ ಸಾಲಿನವು. ಈಗ ಇದೇ ಆಟವನ್ನು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಚಾನೆಲ್‌ಗಳಲ್ಲಿ ಆಡುವವರೂ ಬೇಕಾದಷ್ಟಿದ್ದಾರೆ. ಜಾಗ ಯಾವುದಾದರೂ ನಡವಳಿಕೆ ಒಂದೇ.

ಹಂತ 1: ಸೇರುವುದು

ಆ ಮೊದಲ ಆಟದ ಹೆಸರಿನಿಂದ ಈ ಬಗೆಯ ಆಟಗಳಿಗೆಲ್ಲ ಮಡ್ ಎಂದೇ ಅನ್ನುತ್ತಾರೆ. ಮಡ್‌ಗಳಿಗೆ ಮಡ್‌ಲೆಟ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಸಾಕು. ಆಟದ ನಿಯಮಗಳನ್ನು ಪೂರ್ತಿ ಓದಿ. ಮೊದಲ ದಿನ ಯಾವುದಾದರೂ ಸಾರ್ವಜನಿಕ ಸೀನ್ ನಡೆಯುವ ಕಡೆ ಸುಮ್ನೆ ಕೂತು ನೋಡಿ.

ಫೋನಿನಲ್ಲಿ ಆಡಬೇಡಿ. ಕೀಬೋರ್ಡು ನಿಮ್ಮ ಪದಗಳನ್ನು ತಾನೇ ತಿದ್ದುತ್ತದೆ. ಅರ್ಧ ಬರೆದ ಸಾಲು ಕೈತಪ್ಪಿ ಹೋಗಿಬಿಡುತ್ತದೆ. ಫೋನಿಗೆಂದೇ ಸಿಗುವ ಕೆಲವು ಉಚಿತ ಮಡ್ ಆ್ಯಪ್‌ಗಳಲ್ಲಂತೂ ಸೀನ್ ಮಧ್ಯೆ ಜಾಹೀರಾತು ಬಂದು ಕೂರುತ್ತದೆ, ಅಷ್ಟರಲ್ಲಿ ನಾಲ್ಕು ಸಾಲು ಮೇಲೆ ಹೋಗಿರುತ್ತವೆ. ಕನ್ನಡದಲ್ಲೇ ಆಡುವ ಆಸೆ ಇದ್ದರೆ ಒಂದು ಎಚ್ಚರಿಕೆ: ಹಲವು ಹಳೆಯ ಮಡ್ ಸರ್ವರ್‌ಗಳು ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ಕನ್ನಡ ಟೈಪ್ ಮಾಡಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಾಣುತ್ತದೆ. ಗೆಳೆಯರ ಗುಂಪು ಕಟ್ಟಿಕೊಂಡು ಕನ್ನಡದಲ್ಲಿ ಆಡಲು ಸದ್ಯಕ್ಕೆ ಡಿಸ್ಕಾರ್ಡೇ ಸಲೀಸು.

ಹಂತ 2: ಪಾತ್ರ

ಸೀದಾ ಸಾದಾ ಹೆಸರಿಡಿ. ಒಂದು ಆಸೆ, ಒಂದು ಭಯ, ಒಂದು ಕೊರತೆ ಕೊಡಿ. ಎಲ್ಲ ಬಲ್ಲ ಪಾತ್ರದ ಜೊತೆ ಆಡಲು ಯಾರಿಗೂ ಏನೂ ಉಳಿದಿರುವುದಿಲ್ಲ.

ಹಂತ 3: ಒಳಗಿನ ಮಾತು, ಹೊರಗಿನ ಮಾತು

ಪಾತ್ರ ಆಡುವ ಮಾತು ಐಸಿ (ಇನ್ ಕ್ಯಾರೆಕ್ಟರ್). ಆಟಗಾರ ಆಡುವ ಮಾತು ಓಓಸಿ (ಔಟ್ ಆಫ್ ಕ್ಯಾರೆಕ್ಟರ್). ಎರಡೂ ಬೆರೆಯಬಾರದು. ಹೆಚ್ಚಿನ ಆಟಗಳಲ್ಲಿ ಓಓಸಿಗೆ ಬೇರೆ ಚಾನೆಲ್ ಇರುತ್ತದೆ. ಇಲ್ಲದಿದ್ದರೆ ಜೋಡಿ ಆವರಣ ಚಿಹ್ನೆಯೊಳಗೆ ಬರೆಯುವ ರೂಢಿ ಇದೆ. ‘ಫೋನ್ ಬಂತು, ಐದು ನಿಮಿಷ’ ಎನ್ನುವುದು ಅಲ್ಲಿ ಹೋಗಬೇಕು, ರಾಜನ ಸಭೆಯ ಮಧ್ಯೆ ಅಲ್ಲ.

ಕನ್ನಡದಲ್ಲಿ ಆಡುವವರಿಗೆ ನಮ್ಮ ಭಾಷೆಯೇ ಒಂದು ಅನುಕೂಲ ಕೊಟ್ಟಿದೆ. ನಿಮ್ಮ ಕಳ್ಳ ಕಾವಲುಗಾರನಿಗೆ ‘ಏನೋ, ದಾರಿ ಬಿಡೋ’ ಅನ್ನಲಿ, ಅದು ಪಾತ್ರದ ಮಾತು. ಓಓಸಿಗೆ ಬಂದ ಕೂಡಲೇ ‘ನೀವು’ ಎನ್ನಿ, ಆ ಕಡೆ ಇರುವವರು ವಯಸ್ಸಿನಲ್ಲಿ ಚಿಕ್ಕವರಾಗಿದ್ದರೂ. ಬೈದದ್ದು ಪಾತ್ರ, ಆಟಗಾರ ಅಲ್ಲ ಎನ್ನುವುದು ಎದುರಿನವರಿಗೆ ಇದರಿಂದ ಥಟ್ಟನೆ ಗೊತ್ತಾಗುತ್ತದೆ. ಇಂಥ ಸೀನ್ ಮುಗಿದ ಮೇಲೆ ‘ಚೆನ್ನಾಗಿತ್ತು, ನಿಮಗೆ ಬೇಜಾರಾಗಿಲ್ಲ ಅಲ್ವಾ?’ ಅಂತ ಒಂದು ಸಾಲು ಕಳಿಸಿ. ಬೈಗುಳದ ಸೀನ್ ಆದ ಮೇಲೆ ಇದನ್ನು ತಪ್ಪಿಸಲೇಬೇಡಿ.

ಇನ್ನೊಂದು, ನಿಮಗೆ ಗೊತ್ತಿರುವುದೆಲ್ಲ ನಿಮ್ಮ ಪಾತ್ರಕ್ಕೆ ಗೊತ್ತಿರುವುದಿಲ್ಲ. ಚೆಲುವಿ ಎಂಬ ಪಾತ್ರದ ಸೊಂಟದಲ್ಲಿ ಕೋಟೆಯ ಬೀಗದ ಕೈ ಇದೆ ಎಂದು ಬೇರೆ ಸೀನ್‌ನಲ್ಲಿ ನೀವು ಓದಿರುತ್ತೀರಿ. ನಿಮ್ಮ ರುದ್ರ ಆ ಸೀನ್‌ನಲ್ಲಿ ಇರಲಿಲ್ಲ. ಹಾಗಿದ್ದರೆ ರುದ್ರ ಸೀದಾ ಹೋಗಿ ಅವಳ ಸೊಂಟ ತಡಕುವಂತಿಲ್ಲ. ಇದಕ್ಕೆ ಮೆಟಾಗೇಮಿಂಗ್ ಅನ್ನುತ್ತಾರೆ. ಆಟ ನಡೆಸಿಕೊಡುವ ಜಿಎಂಗಳು (ಗೇಮ್ ಮಾಸ್ಟರ್‌ಗಳು) ಇದನ್ನು ಬೇಗ ಹಿಡಿಯುತ್ತಾರೆ.

ಹಂತ 4: ಪೋಸ್ ಬರೆಯುವುದು

ಆಟ ಕೆಡುವುದೂ ಇಲ್ಲೇ, ಗೆಲ್ಲುವುದೂ ಇಲ್ಲೇ. ನಿಮ್ಮ ಸರದಿಯಲ್ಲಿ ನೀವು ಬರೆಯುವ ತುಣುಕಿಗೆ ಪೋಸ್ ಅಥವಾ ಎಮೋಟ್ ಅನ್ನುತ್ತಾರೆ.

ಮೊದಲು ತಾಂತ್ರಿಕ ವಿಷಯ. ಎಮೋಟ್ ಆಜ್ಞೆ ಕೊಟ್ಟರೆ ಪಾತ್ರದ ಹೆಸರನ್ನು ಆಟವೇ ಮುಂದೆ ಸೇರಿಸುತ್ತದೆ. ಗೊತ್ತಿಲ್ಲದವರು ಹೆಸರನ್ನೂ ಟೈಪ್ ಮಾಡಿ ‘ರುದ್ರ ರುದ್ರ ನಗುತ್ತಾನೆ’ ಎಂದು ಕಾಣಿಸುವಂತೆ ಮಾಡುತ್ತಾರೆ. ಮಷ್ ಜಾತಿಯ ಆಟಗಳಲ್ಲಿ ಸಾಲಿನ ಮೊದಲಿಗೆ ಕೋಲನ್ ಹಾಕಿದರೆ ಪೋಸ್ ಆಗುತ್ತದೆ. ಸೆಮಿಕೋಲನ್ ಹಾಕಿದರೆ ಹೆಸರಿನ ನಂತರ ಜಾಗ ಬಿಡದೆ ಅಂಟಿಸುತ್ತದೆ. ಕನ್ನಡ ಒಪ್ಪುವ ಸರ್ವರ್ ಆದರೆ ಸೆಮಿಕೋಲನ್ ಹಾಕಿ ‘ನ ಕಣ್ಣು ಕೆಂಪಾಗುತ್ತದೆ’ ಎಂದರೆ ಸಾಕು, ‘ರುದ್ರನ ಕಣ್ಣು ಕೆಂಪಾಗುತ್ತದೆ’ ಎಂದು ಮೂಡುತ್ತದೆ.

ಈಗ ಮುಖ್ಯ ವಿಷಯ. ಹೊಸಬರು ಬರೆಯುವ ಪೋಸ್ ಹೀಗಿರುತ್ತದೆ:

‘ರುದ್ರ ಕತ್ತಿ ಬೀಸಿದ. ಅದು ಚೆಲುವಿಯ ಭುಜ ಸೀಳಿತು. ಅವಳು ಚೀರಿ ಮಂಡಿಯೂರಿದಳು. ಅವನ ಕಣ್ಣು ನೋಡಿ ಅವಳಿಗೆ ನಡುಕ ಹುಟ್ಟಿತು.’

ಓದಲು ಚೆನ್ನಾಗಿಯೇ ಇದೆ. ಆದರೆ ನಾಲ್ಕು ವಾಕ್ಯಗಳಲ್ಲಿ ನಿಮ್ಮದು ಮೊದಲನೆಯದು ಮಾತ್ರ. ಏಟು ತಗಲಿತೋ ಇಲ್ಲವೋ ಎನ್ನುವುದು ಚೆಲುವಿಯ ಆಟಗಾರ್ತಿಯೋ ಡೈಸೋ (ದಾಳ) ಹೇಳಬೇಕಾದ ಮಾತು. ಅವಳು ಚೀರಿದಳೋ ಹಲ್ಲು ಕಚ್ಚಿ ನಿಂತಳೋ ಎನ್ನುವುದು ಪೂರ್ತಿ ಅವರಿಗೆ ಸೇರಿದ್ದು. ನಾಲ್ಕನೆಯದು ಎಲ್ಲಕ್ಕಿಂತ ಕೆಟ್ಟದ್ದು, ಅವಳ ಮನಸ್ಸಿನೊಳಗೇ ಹೊಕ್ಕಿದ್ದೀರಿ. ಇದಕ್ಕೆ ಆಟಗಾರರು ಗಾಡ್‌ಮಾಡಿಂಗ್ ಅನ್ನುತ್ತಾರೆ. ಇದನ್ನು ಓದಿದ ಆ ಆಟಗಾರ್ತಿಗೆ ಬರೆಯಲು ಏನೂ ಉಳಿದಿಲ್ಲ.

ತಾಳಮದ್ದಳೆ ಕೇಳಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿ ಕೂತಲ್ಲೇ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಕರ್ಣನ ಅರ್ಥ ಹೇಳುವವರು ಕೃಷ್ಣನಿಗೆ ಒಂದು ಪ್ರಶ್ನೆ ಎಸೆದು ನಿಲ್ಲುತ್ತಾರೆ. ಕೃಷ್ಣನ ಉತ್ತರವನ್ನೂ ತಾವೇ ಹೇಳಿಬಿಟ್ಟರೆ ಎದುರು ಕೂತವರಿಗೆ ಕೆಲಸವೇನು? ಮಾತಿಗೆ ಎಡೆ ಕೊಡುವುದೂ ಅಲ್ಲಿ ವಿದ್ವತ್ತೇ. ಪೋಸ್‌ನಲ್ಲೂ ಅಷ್ಟೇ.

ಅದೇ ಏಟನ್ನು ಹೀಗೆ ಬರೆಯಿರಿ:

‘ರುದ್ರ ಎರಡೂ ಕೈಯಲ್ಲಿ ಕತ್ತಿ ಎತ್ತಿ ಚೆಲುವಿಯ ಎಡಭುಜದ ಕಡೆಗೆ ಬೀಸುತ್ತಾನೆ. ಮಳೆಗೆ ನೆನೆದ ಮೆಟ್ಟಿಲಿನ ಮೇಲೆ ಅವನ ಬಲಗಾಲು ಚೂರು ಜಾರುತ್ತದೆ.’

ಇಲ್ಲಿ ಮೂರು ವಿಷಯ ಗಮನಿಸಿ. ಏಟು ಯಾವ ಕಡೆಯಿಂದ ಬರುತ್ತಿದೆ ಎಂದು ಗೊತ್ತಾಗುತ್ತದೆ, ಆದ್ದರಿಂದ ತಪ್ಪಿಸಿಕೊಳ್ಳಲು ದಾರಿ ಇದೆ. ಅವನ ಎರಡೂ ಕೈ ಕತ್ತಿಯ ಮೇಲಿವೆ, ಅಂದರೆ ಗುರಾಣಿ ಇಲ್ಲ. ಕಾಲು ಜಾರಿದೆ, ಅದನ್ನು ಎದುರಿನವರು ಬಳಸಿಕೊಳ್ಳಬಹುದು. ನೀವು ಬರೆದದ್ದು ಬರೀ ಪ್ರಯತ್ನ, ಫಲ ಅವರ ಕೈಯಲ್ಲಿದೆ. ಆ ಕಡೆಯಿಂದ ಇಂಥ ಉತ್ತರ ಬರಬಹುದು:

‘ಚೆಲುವಿ ಪಕ್ಕಕ್ಕೆ ಸರಿಯುತ್ತಾಳೆ, ಸ್ವಲ್ಪ ತಡವಾಗುತ್ತದೆ. ಕತ್ತಿಯ ತುದಿ ತೋಳಿನ ಬಟ್ಟೆ ಹರಿದು ಚರ್ಮ ಗೀರುತ್ತದೆ. ಗೋಡೆಗೆ ಒರಗಿಕೊಂಡೇ ಅವನ ಜಾರಿದ ಕಾಲಿಗೆ ಒದೆಯಲು ಕಾಲು ಬೀಸುತ್ತಾಳೆ.’

ನೋಡಿ, ಗಾಯವನ್ನು ಅವರೇ ಒಪ್ಪಿಕೊಂಡರು. ಜಾರಿದ ಕಾಲನ್ನೂ ಬಿಡಲಿಲ್ಲ. ಅವರ ಒದೆತವೂ ಪ್ರಯತ್ನವಾಗಿಯೇ ನಿಂತಿದೆ. ಇದರ ಇನ್ನೊಂದು ಮಗ್ಗುಲೂ ಇದೆ: ಯಾವ ಏಟನ್ನೂ ತಗಲಿಸಿಕೊಳ್ಳದೆ ಪ್ರತಿ ಸಲ ತಪ್ಪಿಸಿಕೊಳ್ಳುವುದೂ ಗಾಡ್‌ಮಾಡಿಂಗೇ. ಆಗಾಗ ಏಟು ತಿನ್ನಿ, ಸೋಲಿ. ಸೋಲನ್ನು ಚೆನ್ನಾಗಿ ಬರೆಯುವವರನ್ನು ಎಲ್ಲರೂ ತಮ್ಮ ಸೀನ್‌ಗೆ ಕರೆಯುತ್ತಾರೆ.

ವರ್ತಮಾನ ಕಾಲದಲ್ಲೇ ಬರೆಯಿರಿ. ಇದು ನನ್ನ ಖಡಾಖಂಡಿತ ಸಲಹೆ. ‘ಬೀಸಿದ’ ಅಂದರೆ ಆಗಿಹೋಯಿತು. ‘ಬೀಸುತ್ತಾನೆ’ ಅಂದರೆ ತಡೆಯಲು ಇನ್ನೂ ಹೊತ್ತಿದೆ. ಭೂತಕಾಲದಲ್ಲಿ ಬರೆಯುವವರ ಕೈ ತಾನಾಗಿ ಫಲದ ಕಡೆಗೆ ಜಾರುತ್ತದೆ.

ಮನಸ್ಸಿನ ಮಾತು ಕಡಿಮೆ ಇರಲಿ. ‘ಇವಳು ಸುಳ್ಳು ಹೇಳುತ್ತಿದ್ದಾಳೆ ಎಂದು ರುದ್ರನಿಗೆ ಅನ್ನಿಸುತ್ತದೆ’ ಎಂದರೆ ಚೆಲುವಿ ಅದಕ್ಕೆ ಹೇಗೆ ಉತ್ತರಿಸಬೇಕು? ಅವಳಿಗೆ ಅದು ಕೇಳಿಸಿಲ್ಲ. ‘ರುದ್ರ ಉತ್ತರ ಕೊಡದೆ ಅವಳ ಕೈಯನ್ನೇ ನೋಡುತ್ತಾನೆ’ ಅನ್ನಿ. ಈಗ ಅವಳು ಕೈ ಹಿಂದೆ ಸರಿಸಬಹುದು, ಜಗಳ ತೆಗೆಯಬಹುದು, ನಗಬಹುದು.

ಉದ್ದ ಎಷ್ಟಿರಬೇಕು? ಮೂರರಿಂದ ಐದು ವಾಕ್ಯ. ಎದುರಿನವರು ಎರಡು ಸಾಲು ಬರೆಯುವಾಗ ನೀವು ಪುಟಗಟ್ಟಲೆ ಬರೆದರೆ ಅವರು ಸುಸ್ತಾಗುತ್ತಾರೆ. ಬರೀ ‘ತಲೆಯಾಡಿಸುತ್ತಾನೆ’ ಅಂದರೂ ತಪ್ಪೇ. ಪೂರ್ತಿ ಭಾರ ಅವರ ತಲೆಗೆ ಬೀಳುತ್ತದೆ. ಕಳಿಸುವ ಮೊದಲು ಪೋಸ್‌ನ ಕೊನೆಯ ಸಾಲು ನೋಡಿ. ಅದರಲ್ಲಿ ಎದುರಿನವರು ಹಿಡಿದುಕೊಳ್ಳಲು ಒಂದು ಪ್ರಶ್ನೆ, ಒಂದು ಚಲನೆ, ಒಂದು ಸದ್ದು ಏನಾದರೂ ಇದೆಯೇ?

ಚಾಟ್‌ಬಾಟ್ ಕೈಲಿ ಪೋಸ್ ಬರೆಸಿ ಅಂಟಿಸುವ ಅಡ್ಡದಾರಿ ಈಗ ಶುರುವಾಗಿದೆ. ದಯವಿಟ್ಟು ಬೇಡ. ಹಾಗೆ ಬರುವ ಪೋಸ್ ಉದ್ದವಾಗಿರುತ್ತದೆ, ಎಲ್ಲರ ಮನಸ್ಸಿನ ಭಾವನೆಯನ್ನೂ ಅದೇ ಹೇಳಿಬಿಡುತ್ತದೆ, ಹೋದ ವಾರ ಚೆಲುವಿಗೆ ಆದ ಗಾಯ ಅದಕ್ಕೆ ನೆನಪಿರುವುದಿಲ್ಲ. ಆ ಕಡೆ ಒಬ್ಬರು ತಮ್ಮ ಸಂಜೆಯನ್ನು ನಿಮಗಾಗಿ ಕೊಟ್ಟು ಕೂತಿದ್ದಾರೆ. ಕಾಗುಣಿತ ತಪ್ಪಿದರೂ ಪರವಾಗಿಲ್ಲ, ನೀವೇ ಬರೆಯಿರಿ.

ಹಂತ 5: ಸರದಿ

ಇಬ್ಬರಿದ್ದರೆ ಸುಲಭ, ಒಬ್ಬರಾದ ಮೇಲೆ ಒಬ್ಬರು. ಗುಂಪಿನಲ್ಲಿ ಹಲವು ಮಷ್‌ಗಳು ಮೂರು ಪೋಸ್ ನಿಯಮ ಇಟ್ಟುಕೊಂಡಿವೆ: ನೀವು ಬರೆದ ಮೇಲೆ ಬೇರೆ ಮೂವರು ಬರೆಯುವ ತನಕ ಮತ್ತೆ ಬರೆಯುವಂತಿಲ್ಲ. ವೇಗವಾಗಿ ಟೈಪ್ ಮಾಡುವ ಇಬ್ಬರೇ ಸೀನ್ ಎಳೆದುಕೊಂಡು ಹೋಗುವುದು ಇದರಿಂದ ತಪ್ಪುತ್ತದೆ. ನಡೆಯುತ್ತಿರುವ ಸೀನ್‌ಗೆ ಬಾಗಿಲು ಒದ್ದು ನುಗ್ಗಬೇಡಿ. ‘ಬರಬಹುದಾ?’ ಎಂದು ಓಓಸಿಯಲ್ಲಿ ಕೇಳಿ, ಉತ್ತರ ಬರುವ ತನಕ ಕಾಯಿರಿ.

ಅಮೆರಿಕದವರ ಜೊತೆ ಆಡುವವರು ಗಡಿಯಾರವನ್ನೂ ನೋಡಿಕೊಳ್ಳಬೇಕು. ನ್ಯೂಯಾರ್ಕ್‌ಗಿಂತ ನಾವು ಚಳಿಗಾಲದಲ್ಲಿ ಹತ್ತೂವರೆ, ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಮುಂದಿದ್ದೇವೆ. ಅವರ ರಾತ್ರಿ ಒಂಬತ್ತರ ಸೀನ್‌ಗೆ ಒಪ್ಪಿಕೊಂಡರೆ ಅದು ನಿಮಗೆ ಮರುದಿನ ಬೆಳಿಗ್ಗೆ, ಆಫೀಸಿಗೆ ಹೊರಡುವ ಹೊತ್ತು. ಆಗದಿದ್ದರೆ ಮೊದಲೇ ಹೇಳಿ. ಹೇಳದೆ ಕೇಳದೆ ಮಾಯವಾಗುವವರಿಗೆ ಮುಂದಿನ ಸಲ ಯಾರೂ ಕಾಯುವುದಿಲ್ಲ.

ಹಂತ 6: ಡೈಸ್

ಏಟು ತಗಲಿತೋ ಇಲ್ಲವೋ ಎಂಬಂಥದ್ದನ್ನು ಡೈಸ್ ಹಾಕಿ ತೀರ್ಮಾನಿಸುವ ಆಟವಾದರೆ, ಎಲ್ಲರಿಗೂ ಕಾಣುವ ಹಾಗೆ ಚಾನೆಲ್‌ನ ಬಾಟ್‌ನಲ್ಲೇ (ಡೈಸ್ ಉರುಳಿಸಿಕೊಡುವ ಪ್ರೋಗ್ರಾಂ) ಉರುಳಿಸಿ. ಮನೆಯಲ್ಲಿ ಇಪ್ಪತ್ತು ಮುಖದ ಡೈಸ್ ಉರುಳಿಸಿ ‘ಇಪ್ಪತ್ತು ಬಂತು’ ಅನ್ನಬೇಡಿ, ನಿಜವಾಗಿ ಬಂದಿದ್ದರೂ.

ಹಂತ 7: ಬೇಡ ಅಂದರೆ ಬೇಡ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದ ಪಾವೆಲ್ ಕರ್ಟಿಸ್ ಕಟ್ಟಿದ ಲ್ಯಾಂಬ್ಡಾಮೂ ಎಂಬ ಆಟದಲ್ಲಿ 1993ರಲ್ಲಿ ಒಂದು ಘಟನೆ ನಡೆಯಿತು. ಒಬ್ಬ ಆಟಗಾರ ಒಂದು ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳೇ ಹೇಸಿಗೆಯ ಲೈಂಗಿಕ ಕೆಲಸ ಮಾಡಿದಂತೆ ಎಲ್ಲರ ಮುಂದೆ ಬರೆದ. ಬರೀ ಅಕ್ಷರ ತಾನೇ ಎಂದು ಯಾರಾದರೂ ಅನ್ನಬಹುದು. ಆದರೆ ಆ ಪಾತ್ರಗಳ ಹಿಂದಿದ್ದವರಿಗೆ ಆದ ನೋವು ನಿಜವಾದದ್ದು. ಆಟಗಾರರೆಲ್ಲ ಸೇರಿ ದೊಡ್ಡ ಚರ್ಚೆ ಮಾಡಿದರು, ಕೊನೆಗೆ ಒಬ್ಬ ನಿರ್ವಾಹಕ ಅವನ ಪಾತ್ರವನ್ನು ಅಳಿಸಿಹಾಕಿದ. ಆಮೇಲೆ ಆಟಗಾರರೇ ಅರ್ಜಿ ಹಾಕಿ ಮತ ಚಲಾಯಿಸುವ ವ್ಯವಸ್ಥೆಯನ್ನೂ ಕರ್ಟಿಸ್ ತಂದರು. ನಾಲ್ಕನೇ ಹಂತದಲ್ಲಿ ಹೇಳಿದ ತಪ್ಪೇ ಇಲ್ಲಿ ತೀರಾ ಕ್ರೂರ ರೂಪದಲ್ಲಿ ನಡೆದದ್ದು.

ಅದಕ್ಕೇ ಸೀನ್ ಶುರುವಾಗುವ ಮೊದಲೇ ಕೇಳಿ: ಯಾವುದು ಬೇಡವೇ ಬೇಡ? ಯಾವುದು ಕತೆಯಲ್ಲಿ ಇರಬಹುದು, ಆದರೆ ವಿವರವಾಗಿ ಬರೆಯಬಾರದು? ಚಿತ್ರಹಿಂಸೆ, ಮಕ್ಕಳಿಗೆ ತೊಂದರೆ, ಜಾತಿ ಹಿಡಿದು ಬೈಯುವುದು, ಒಬ್ಬೊಬ್ಬರಿಗೆ ಒಂದೊಂದು ಗೆರೆ ಇರುತ್ತದೆ. ಎರಡನೇ ಬಗೆಯದು ಬಂದಾಗ ‘ಮರುದಿನ ಬೆಳಿಗ್ಗೆ’ ಎಂದು ಬರೆದು ಮುಂದೆ ಹೋಗಿ. ಹಲವು ಗುಂಪುಗಳಲ್ಲಿ ಎಕ್ಸ್ ಕಾರ್ಡ್ ಪದ್ಧತಿ ಇದೆ, ಯಾರಾದರೂ ಎಕ್ಸ್ ಎಂದು ಟೈಪ್ ಮಾಡಿದರೆ ಕತೆ ಅಲ್ಲಿಂದ ಬೇರೆ ಕಡೆ ತಿರುಗಬೇಕು. ಯಾಕೆ ಅಂತ ಕೇಳಬಾರದು. ಎದುರಿನವರು ಹದಿನೆಂಟು ತುಂಬದವರು ಅಥವಾ ಅವರ ವಯಸ್ಸು ಗೊತ್ತಿಲ್ಲ ಅಂದರೆ ಪ್ರಣಯದ ಸೀನ್ ಆಡಲೇಬೇಡಿ. ಇದರಲ್ಲಿ ಚೌಕಾಸಿ ಇಲ್ಲ.

ಹಂತ 8: ಹೊರಡುವುದು

ಸೀನ್ ಮಧ್ಯೆ ಎದ್ದು ಹೋಗಬೇಕಾದರೆ ನಿಮ್ಮ ಪಾತ್ರಕ್ಕೆ ಹೊರಗೆ ಹೋಗಲು ಒಂದು ಕಾರಣ ಕೊಟ್ಟು ಪೋಸ್ ಹಾಕಿ, ಆಮೇಲೆ ಲಾಗ್ಔಟ್ ಆಗಿ. ಪೂರ್ತಿ ಆಟ ಬಿಡುವುದಾದರೆ ಜಿಎಂಗೆ ಒಂದು ಸಂದೇಶ ಕಳಿಸಿ: ಪಾತ್ರ ಊರು ಬಿಟ್ಟಿತೋ, ಸತ್ತಿತೋ, ಅದರ ಬಳಿ ಇದ್ದ ಬೀಗದ ಕೈ ಯಾರಿಗೆ ಹೋಗಬೇಕೋ ತಿಳಿಸಿ. ಆ ಬೀಗದ ಕೈ ನಂಬಿ ಇನ್ನೂ ನಾಲ್ಕು ಜನ ಕತೆ ಹೆಣೆದಿರುತ್ತಾರೆ. ಸೀನ್‌ನ ಲಾಗ್ (ಎಲ್ಲರೂ ಬರೆದದ್ದರ ದಾಖಲೆ) ಬೇರೆ ಕಡೆ ಹಾಕುವ ಆಸೆ ಇದ್ದರೆ ಆಡಿದ ಎಲ್ಲರ ಒಪ್ಪಿಗೆ ಕೇಳಿ. ಓಓಸಿ ಸಾಲುಗಳನ್ನು ತೆಗೆದುಹಾಕಿ, ಯಾರದಾದರೂ ಊರು, ಕೆಲಸ, ನಿಜವಾದ ಹೆಸರು ಉಳಿದಿದೆಯೇ ಎಂದು ಇನ್ನೊಮ್ಮೆ ಓದಿ ನೋಡಿ. ಒಬ್ಬರು ಬೇಡ ಅಂದರೂ ಹಾಕಬೇಡಿ.