ಗೆಳೆಯನ ಜೊತೆ ಹಳ್ಳಿ ದಾರಿಯಲ್ಲಿ ಸೈಕಲ್: ಮೊದಲು ಸೀಟು ಸರಿಮಾಡಿ

ನನ್ನ ಹಳೆಯ ಗೆಳೆಯನೊಬ್ಬ ಹದಿನೈದು ವರ್ಷ ಆದ ಮೇಲೆ ಮತ್ತೆ ಸೈಕಲ್ ಹತ್ತಿದ್ದು ನನ್ನ ಒತ್ತಾಯಕ್ಕೆ. ಶ್ರೀರಂಗಪಟ್ಟಣದ ಕೋಟೆಯಿಂದ ಸಂಗಮಕ್ಕೆ ಹೋಗಿ ಬರೋಣ ಅಂತ ಹೊರಟೆವು. ಪಕ್ಕದ ಮನೆ ಹುಡುಗನ ಸೈಕಲ್ ತಂದು, ಇದ್ದ ಹಾಗೇ ಅವನ ಕೈಗೆ ಕೊಟ್ಟೆ. ಗುಂಬಜ್ ದಾಟುವಷ್ಟರಲ್ಲಿ ಅವನು ಮಂಡಿ ಹಿಡಿದುಕೊಂಡು ಕೂತ. ವಾಪಸ್ ಆಟೊದಲ್ಲಿ ಬಂದ. ಆಮೇಲೆ ಎಷ್ಟು ಕರೆದರೂ ಬರಲಿಲ್ಲ. ಸೀಟು ಮೂರು ಇಂಚು ತಗ್ಗಿತ್ತು. ನಾನು ನೋಡಲೇ ಇಲ್ಲ.

ಅಂದಿನಿಂದ ಯಾರನ್ನು ಕರೆದುಕೊಂಡು ಹೋದರೂ ಮೊದಲು ಅವರ ಸೈಕಲ್ ನೋಡುತ್ತೇನೆ, ಆಮೇಲೆ ನನ್ನದು. ಇಬ್ಬರಲ್ಲಿ ಯಾರಿಗೆ ಅಭ್ಯಾಸ ಕಡಿಮೆಯೋ ಅವರಿಗೆ ಹಿತವಾದರೆ ಮಾತ್ರ ಆ ಬೆಳಗ್ಗೆ ಇಬ್ಬರಿಗೂ ಚೆನ್ನಾಗಿರುತ್ತದೆ.

1. ದಾರಿ

ಮೊದಲ ಸಲಕ್ಕೆ 20 ಕಿ.ಮೀ. ಸಾಕು. ಶ್ರೀರಂಗಪಟ್ಟಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಾವೇರಿ ಎರಡಾಗಿ ಒಡೆದು ಸುತ್ತುವರಿದ ದ್ವೀಪ, ಏರು ಇಳಿವು ಕಡಿಮೆ. ಕೋಟೆಯಿಂದ ದರಿಯಾ ದೌಲತ್, ಗುಂಬಜ್ ದಾಟಿದರೆ ಪೂರ್ವದ ತುದಿಯಲ್ಲಿ ಸಂಗಮ. ತಿರುಗಿ ಬಂದು ಪಶ್ಚಿಮಕ್ಕೆ ಹೋದರೆ ರಂಗನತಿಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಗಾಳಿ ಜೋರು. ಆಗ ಸಂಗಮ ಮೊದಲು, ರಂಗನತಿಟ್ಟು ಆಮೇಲೆ. ಕಾಲು ಸೋತ ಮೇಲಿನ ಕೊನೆಯ ದಾರಿಯಲ್ಲಿ ಗಾಳಿ ಬೆನ್ನಿಗೆ ಬರುತ್ತದೆ.

ಮೈಸೂರಿನಿಂದಲೇ ಹೆದ್ದಾರಿ ಹಿಡಿದು ಬರುತ್ತೇವೆ ಅನ್ನುವವರಿಗೆ ನನ್ನ ಮಾತು: ಬೇಡ. ಲಾರಿ ಸದ್ದಿನಲ್ಲಿ ಮಾತಾಡಲು ಆಗದಿದ್ದರೆ ಜೊತೆಗೆ ಹೋಗಿ ಏನು ಬಂತು? ಹೆದ್ದಾರಿ ದಾಟಬೇಕಾದ ಕಡೆಯೂ ಇಳಿದು ತಳ್ಳಿಕೊಂಡೇ ಹೋಗಿ.

2. ಗಾಳಿ, ಚೈನು

ಹಿಂದಿನ ಸಂಜೆಯೇ ನೋಡಿ. ಟೈರಿನ ಪಕ್ಕದಲ್ಲೇ ಎಷ್ಟು ಗಾಳಿ ಅಂತ ಬರೆದಿರುತ್ತದೆ. ಹಳೆಯ ಕಪ್ಪು ಸೈಕಲ್ಲಾದರೆ ಗಾಳಿ ಹೊಡೆಯುವ ಬಾಯಿಯೊಳಗಿನ ವಾಲ್‌ಟ್ಯೂಬ್ ತೆಗೆದು ನೋಡಿ. ಆ ಸಣ್ಣ ರಬ್ಬರು ಗಟ್ಟಿಯಾಗಿ ಸೀಳಿದ್ದರೆ ರಾತ್ರಿ ಹೊಡೆದ ಗಾಳಿ ಬೆಳಗ್ಗೆ ಇರುವುದಿಲ್ಲ. ಚೈನಿಗೆ ಕೊಬ್ಬರಿ ಎಣ್ಣೆ ಹಾಕುವವರಿದ್ದಾರೆ. ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಕೂಡ ಬೇಡ, ಅದು ಬೇಗ ಆರಿಹೋಗುತ್ತದೆ. ಹೊಲಿಗೆ ಮೆಷಿನ್ ಎಣ್ಣೆ ನಾಲ್ಕು ಹನಿ ಬಿಟ್ಟು, ಪೆಡಲ್ ತಿರುಗಿಸಿ, ಹೆಚ್ಚಾದದ್ದನ್ನು ಬಟ್ಟೆಯಲ್ಲಿ ಒರೆಸಿ.

3. ಸೀಟು

ಇದಕ್ಕೆ ಕಾಲು ಗಂಟೆ ಕೊಡಿ. ಹೊರಡುವ ಗಡಿಬಿಡಿಯಲ್ಲಿ ಮಾಡಬೇಡಿ.

ಸೈಕಲ್ಲನ್ನು ಗೋಡೆ ಪಕ್ಕ ನಿಲ್ಲಿಸಿ. ಗೆಳೆಯ ನಾಳೆ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡೇ ಹತ್ತಿ, ಒಂದು ಕೈ ಗೋಡೆಗೆ ಕೊಟ್ಟು ನೆಟ್ಟಗೆ ಕೂರಲಿ. ಒಂದು ಪೆಡಲ್ ಪೂರ್ತಿ ಕೆಳಗೆ ಬರಲಿ. ಅದರ ಮೇಲೆ ಹಿಮ್ಮಡಿ ಇಡಲಿ. ಈಗ ಆ ಕಾಲು ನೆಟ್ಟಗಾಗಬೇಕು. ಮಂಡಿ ಮಡಿಚಿಕೊಂಡೇ ಇದ್ದರೆ ಸೀಟು ತಗ್ಗು. ಹಿಮ್ಮಡಿ ಮುಟ್ಟಿಸಲು ಸೊಂಟ ಒಂದು ಕಡೆ ವಾಲಿದರೆ ಎತ್ತರ ಜಾಸ್ತಿ. ಸರಿಹೋದ ಮೇಲೆ ಹಿಮ್ಮಡಿ ಬದಲು ಪಾದದ ಮುಂಭಾಗ ಪೆಡಲ್ ಮೇಲೆ ಇಡಿಸಿ. ಮಂಡಿ ತುಸುವೇ ಬಾಗುತ್ತದೆ. ಅಷ್ಟು ಬಾಗು ಬೇಕು.

ಒಂದೇ ಸಲ ಎರಡು ಇಂಚು ಎತ್ತಬೇಡಿ. ಕಾಲು ಇಂಚು ಎತ್ತಿ, ಬಿಗಿ ಮಾಡಿ, ಬೀದಿ ಕೊನೆವರೆಗೆ ಹೋಗಿ ಬರಲು ಹೇಳಿ. ನೀವು ಹಿಂದೆ ನಿಂತು ನೋಡಿ. ತುಳಿಯುವಾಗ ಸೊಂಟ ಅತ್ತಿತ್ತ ತೂಗಿದರೆ ಸ್ವಲ್ಪ ಇಳಿಸಿ. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗು, ಹಿಂದೆ ಎಳೆದ ಹಾಗಾದರೆ ಎತ್ತರ. ಸೀಟಿನ ಕೊಳವೆಯ ಮೇಲೆ ಒಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಯಾವತ್ತೂ ಎತ್ತಬೇಡಿ, ಕೊಳವೆ ಮುರಿಯಬಹುದು. ಸೀಟಿನ ಮೂತಿ ನೇರ ಮುಂದಕ್ಕಿರಲಿ. ಮೂತಿ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಅಂಗೈಗೆ ಬಂದು ಬೆರಳು ಜೋಮು ಹಿಡಿಯುತ್ತದೆ. ಕೊನೆಗೆ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಿರುಚಿ ನೋಡಿ. ಅಲುಗಬಾರದು.

ಇಲ್ಲಿ ಎಲ್ಲರೂ ಒಂದು ಮಾತು ಹೇಳುತ್ತಾರೆ: "ಅಯ್ಯೋ, ಕಾಲು ನೆಲಕ್ಕೆ ಸಿಗ್ತಿಲ್ಲ!" ಎರಡೂ ಪಾದ ಊರುವಷ್ಟು ತಗ್ಗಿಸಿದರೆ ಮಂಡಿ ಹೋಯಿತು ಅಂತಲೇ ಅರ್ಥ. ಅದರ ಬದಲು ನಿಲ್ಲಿಸುವುದನ್ನು ಕಲಿಸಿ. ಬ್ರೇಕು ಹಿಡಿದು, ಸೀಟಿನಿಂದ ಮುಂದಕ್ಕೆ ಜಾರಿ, ಒಂದು ಕಾಲು ಊರಬೇಕು. ಅಂಗಳದಲ್ಲಿ ಹತ್ತು ಸಲ ಮಾಡಿದರೆ ಹೆದರಿಕೆ ಹೋಗುತ್ತದೆ.

ಮೆತ್ತಗಿರುತ್ತದೆ ಅಂತ ಜೆಲ್ ತುಂಬಿದ ಸೀಟ್ ಕವರ್ ತರಬೇಡಿ. ಎರಡು ತಂದು ಎರಡನ್ನೂ ಬಿಸಾಕಿದ್ದೇನೆ. ಸುಮ್ನೆ ದುಡ್ಡು ದಂಡ. ಐದು ಕಿ.ಮೀ.ಗೆ ಒಂದು ಕಡೆ ಜಾರುತ್ತದೆ, ತೊಡೆ ಉಜ್ಜುತ್ತದೆ, ಅಳತೆ ಮಾಡಿ ಇಟ್ಟ ಎತ್ತರವನ್ನೂ ಕೆಡಿಸುತ್ತದೆ.

4. ಹೊರಡುವುದು

ಆರು ಗಂಟೆಗೆ. ತಲೆಗೆ ಹೆಲ್ಮೆಟ್, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು, ಎರಡು ಬಾಳೆಹಣ್ಣು.

5. ಜೊತೆಗೆ ತುಳಿಯುವುದು

ನಿಧಾನದವರು ಮುಂದೆ ಇರಬೇಕು. ಇದು ನನ್ನ ಖಡಾಖಂಡಿತ ನಿಯಮ. ಜೋರಾಗಿ ಹೋಗುವವರು ಮುಂದೆ ಹೋಗಿ, ಮರದ ಕೆಳಗೆ ನಿಂತು ಸುಧಾರಿಸಿಕೊಳ್ಳುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ "ಹೊರಡೋಣ್ವಾ?" ಅನ್ನುತ್ತಾರೆ. ದಣಿದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ನೀವು ಹಿಂದೆ ಇದ್ದು ಅವರ ಉಸಿರು ಕೇಳಿಸಿಕೊಳ್ಳಿ. ಪೂರ್ತಿ ವಾಕ್ಯ ಆಡುತ್ತಿದ್ದರೆ ವೇಗ ಸರಿ. ಎರಡು ಪದಕ್ಕೆ ನಿಂತರೆ ಕಡಿಮೆ ಮಾಡಬೇಕು. ಗೇರ್ ಇದ್ದರೆ ಹಗುರದ ಗೇರಿನಲ್ಲಿ ಬೇಗ ಬೇಗ ತುಳಿಯಲಿ. ಭಾರದ ಗೇರು ಒತ್ತಿದರೆ ಮತ್ತೆ ಮಂಡಿಗೇ ಪೆಟ್ಟು.

ಪಕ್ಕ ಪಕ್ಕ ಹೋಗುವುದು ಖಾಲಿ ದಾರಿಯಲ್ಲಿ ಮಾತ್ರ. ಹಿಂದೆ ಗಾಡಿ ಸದ್ದು ಕೇಳಿದ ಕೂಡಲೇ ಹಿಂದಿನವರು "ಗಾಡಿ" ಅಂತ ಕೂಗಬೇಕು, ಸಾಲಾಗಬೇಕು. ಕಬ್ಬು ಕಡಿಯುವ ಕಾಲದಲ್ಲಂತೂ ಟ್ರ್ಯಾಕ್ಟರ್ ಎದುರಾದರೆ ಪೂರ್ತಿ ಇಳಿದುಬಿಡಿ. ಟ್ರೇಲರ್‌ನಿಂದ ಎರಡೂ ಕಡೆ ಜಲ್ಲೆ ಚಾಚಿರುತ್ತದೆ.

6. ದಾರಿಯಲ್ಲಿ

ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿರುತ್ತಾರೆ. ಹುರುಳಿ ಬಳ್ಳಿ ಹಿಂದಿನ ಗೇರಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಒಮ್ಮೆ ಒಂದೊಂದೇ ಎಳೆ ಎಳೆಯುತ್ತ ಅರ್ಧ ಗಂಟೆ ಕೂತಿದ್ದೆ, ಬೆರಳೆಲ್ಲ ಕರಿ. ಹೇಗೂ ಅದು ಇನ್ನೊಬ್ಬರ ಬೆಳೆ, ಅಲ್ವಾ? ಇಳಿದು ಪಕ್ಕದಲ್ಲಿ ನಡೆಯಿರಿ.

ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ನಾಲೆ ಕಂಡರೆ ಕಾಲು ತೊಳೆಯಲು ಇಳಿಯಬೇಡಿ. ಇಳಿಜಾರಿನ ಗೋಡೆಗೆ ಪಾಚಿ ಕಟ್ಟಿರುತ್ತದೆ, ಹತ್ತಿ ಬರಲು ಹಿಡಿಯಲು ಏನೂ ಇರುವುದಿಲ್ಲ.

ಆಲೆಮನೆ ಸಿಕ್ಕರೆ ಮಾತ್ರ ತಪ್ಪದೆ ನಿಲ್ಲಿ. ಕೊಪ್ಪರಿಗೆಯ ಹೊಗೆ ಅರ್ಧ ಫರ್ಲಾಂಗ್ ಮೊದಲೇ ಮೂಗಿಗೆ ಬಡಿಯುತ್ತದೆ. ಕೇಳಿದರೆ ಅಚ್ಚಿಗೆ ಹೊಯ್ಯುವ ಮುಂಚಿನ ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ಕೊಡುತ್ತಾರೆ. ಆರುವವರೆಗೆ ಕಾಯಿರಿ, ನಾಲಗೆ ಸುಡುತ್ತದೆ.

7. ಮನೆಗೆ ಬಂದ ಮೇಲೆ

ಚೈನು ಒರೆಸಿ. ಸೈಕಲ್ ಬೇರೆಯವರದ್ದಾದರೆ ವಾಪಸ್ ಕೊಡುವ ಮೊದಲು ಸೀಟಿನ ಕೊಳವೆ ಎಷ್ಟು ಹೊರಗಿದೆ ಅಂತ ಅಳೆದು, ಗೆಳೆಯನ ಹೆಸರಿನ ಪಕ್ಕ ಬರೆದಿಡಿ. ಸ್ವಂತದ್ದಾದರೆ ಆ ಎತ್ತರಕ್ಕೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿಬಿಡಿ. ನನ್ನ ಎರಡನೇ ಸೈಕಲ್ಲಿನಲ್ಲಿ ಈಗ ಅಂಥ ಮೂರು ಪಟ್ಟಿ ಇವೆ. ನಾಲ್ಕನೆಯದಕ್ಕೆ ಜಾಗ ಬಿಟ್ಟಿದ್ದೇನೆ. ಆಟೊದಲ್ಲಿ ವಾಪಸ್ ಹೋದ ಗೆಳೆಯನನ್ನು ಈ ಸಂಕ್ರಾಂತಿಗೆ ಮತ್ತೆ ಕರೆದಿದ್ದೇನೆ.